ನೀಲವ್ವನ ಪ್ರಶ್ನೆಯನ್ನು ನಾನು ತಿದ್ದಿದ್ದು

ಪತ್ರಿಕೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ. ಮುದುಕನಿಗೆ ಕಿವಿ ಕೇಳಿಸುವುದಿಲ್ಲ ಎಂದು ತಾವೇ ತೀರ್ಮಾನಿಸಿ ಜೋರಾಗಿ ಮಾತಾಡುತ್ತಾರೆ. ಕೊನೆಗೆ ಚೀಲದಿಂದ ಒಂದು ಕಾಗದ ತೆಗೆದು ಮುಂದಿಡುತ್ತಾರೆ: ‘ನಾಳೆ ಒಬ್ಬ ಲೇಖಕರ ಸಂದರ್ಶನ ಇದೆ, ರಾಜಕೀಯದ ಮೇಲೆ ಪುಸ್ತಕ ಬರೆದವರು. ಇವು ನಮ್ಮ ಪ್ರಶ್ನೆಗಳು. ಇನ್ನೇನು ಕೇಳಬಹುದು, ಒಂದೆರಡು ಸೂಚಿಸಿ.’ ಓದಿ ನೋಡುತ್ತೇನೆ. ಪ್ರಶ್ನೆಗಳೆಲ್ಲ ಬಹಳ ಚೆನ್ನಾಗಿರುತ್ತವೆ. ಅಷ್ಟು ಚೆನ್ನಾಗಿರುವುದನ್ನು ಕಂಡೇ ನನಗೆ ಹೆದರಿಕೆಯಾಗುತ್ತದೆ. ಯಾಕೆಂದರೆ ಅಂಥ ಚೆಂದದ ಪ್ರಶ್ನೆಗಳನ್ನು ಬರೆಯುವುದರಲ್ಲಿ ಒಂದು ಕಾಲಕ್ಕೆ ನನ್ನನ್ನು ಮೀರಿಸುವವರಿರಲಿಲ್ಲ.

ನನ್ನ ಊರು ಯಲಬುರ್ಗಾ ತಾಲೂಕಿನದು. ನನ್ನ ಹೆಸರು ವೀರಯ್ಯ. ಮೂವತ್ತರ ದಶಕದ ಕೊನೆಗೆ ಗದಗಿಗೆ ಹೋಗಿ ಒಂದು ವಾರಪತ್ರಿಕೆ ಸೇರಿದೆ. ಆಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ನಿಜಾಮರ ಸೀಮೆ, ಗದಗು ಇಂಗ್ಲಿಷರದು. ನಮ್ಮ ಕಡೆ ಅಚ್ಚು ಹಾಕಲು ಬಾರದ ಸುದ್ದಿಯನ್ನು ಅಲ್ಲಿ ಅಚ್ಚು ಹಾಕಿ, ಕಂಬಳಿಯಲ್ಲಿ ಸುತ್ತಿ ರೈಲಿನಲ್ಲಿ ಇತ್ತ ತರುತ್ತಿದ್ದರು. ಊರಲ್ಲಿ ಒಬ್ಬ ಓದಿದರೆ ಐವತ್ತು ಜನ ಕೇಳುತ್ತಿದ್ದರು. ಓದಿದವನಿಗಿಂತ ಕೇಳಿದವರಿಗೆ ಹೆಚ್ಚು ನೆನಪಿರುತ್ತಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಸಂಪಾದಕರು ವಾಮನರಾಯರು. ಕೃಶ ದೇಹ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಅಡಿಕೆ. ನನ್ನ ಮೊದಲ ಸಂದರ್ಶನಕ್ಕೆ ಊರಿನ ಒಬ್ಬ ಹಿರಿಯ ವಕೀಲರ ಬಳಿ ಕಳಿಸಿದ್ದರು. ಎರಡು ದಿನ ಕೂತು ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋದೆ, ಒಂದೊಂದೂ ಕಾಲು ಪುಟ. ವಕೀಲರು ಏಳಕ್ಕೆ ‘ಹೌದು’ ಅಂದರು, ನಾಲ್ಕಕ್ಕೆ ‘ಇಲ್ಲ’ ಅಂದರು, ಎದ್ದು ಕೋರ್ಟಿಗೆ ಹೋದರು. ನಾನು ತಂದುಕೊಟ್ಟಿದ್ದನ್ನು ರಾಯರು ಓದಿ ಕನ್ನಡಕ ತೆಗೆದರು.

‘ತಮ್ಮಾ, ಇದು ಯಾರ ಸಂದರ್ಶನ? ವಕೀಲರದೋ, ನಿಂದೋ?’

ಅಷ್ಟಕ್ಕೇ ಬಿಟ್ಟರು. ಬೈದಿದ್ದರೆ ಬುದ್ಧಿ ಬರುತ್ತಿತ್ತೇನೋ. ನನಗೆ ಆಗ ಬುದ್ಧಿ ಬರಲಿಲ್ಲ; ಪ್ರಶ್ನೆ ಸ್ವಲ್ಪ ಗಿಡ್ಡ ಆದವು, ಅಷ್ಟೆ.

ನಲವತ್ತರ ದಶಕದಲ್ಲಿ ಸಂಗಪ್ಪ ಮಾಸ್ತರರ ಪುಸ್ತಕ ಬಂತು. ಅವರು ಕುಷ್ಟಗಿಯಲ್ಲಿ ಶಾಲೆ ಕಲಿಸುತ್ತಿದ್ದವರು. ನಮ್ಮ ನಾಲ್ಕು ತಾಲೂಕುಗಳಲ್ಲಿ ಅಧಿಕಾರಿಗಳು ಜನರಿಂದ ಬಿಟ್ಟಿ ದುಡಿಸಿಕೊಳ್ಳುವುದನ್ನು ಕುರಿತು ನೂರು ಪುಟದ ಪುಸ್ತಕ ಬರೆದು, ಹಿಡಿಯುತ್ತಾರೆಂದು ಗೊತ್ತಾಗಿ ಗಡಿ ದಾಟಿ ಗದಗಿಗೆ ಬಂದಿದ್ದರು. ಪುಸ್ತಕವನ್ನು ನಮ್ಮ ಸೀಮೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಎಲ್ಲರೂ ಓದಿಸಿ ಕೇಳಿದ್ದರು.

ಯುಗಾದಿ ಸಂಚಿಕೆಗೆ ಮಾಸ್ತರರ ಸಂದರ್ಶನ ಹಾಕುವುದು ಎಂದು ರಾಯರು ಗೊತ್ತು ಮಾಡಿದರು. ‘ಆದರ ಪ್ರಶ್ನೆ ನಾವು ಬರಿಯೂದು ಬ್ಯಾಡ’ ಅಂದರು. ‘ಪುಸ್ತಕ ಯಾರ ಬಗ್ಗೆ ಐತಿ, ಅವರು ಕೇಳಲಿ. ನೀನು ಹೋಗಿ ಕೂಡಿಸಿಕೊಂಡು ಬಾ.’

ಅಂಚೆಯಲ್ಲಿ ತರಿಸುವಂತಿರಲಿಲ್ಲ, ಕಾಗದ ಒಡೆದು ನೋಡುತ್ತಿದ್ದರು. ದಾರಿ ರಾಯರೇ ಹೇಳಿದರು. ನಮ್ಮ ಅಚ್ಚುಕೂಟದಲ್ಲೇ ಹೊಸ ವರ್ಷದ ಪಂಚಾಂಗ ಅಚ್ಚಾಗುತ್ತಿತ್ತು. ಶಿವರಾತ್ರಿ ಆದ ಮೇಲೆ ಅದನ್ನು ಊರೂರಿಗೆ ಹೊತ್ತು ಮಾರುವವರಿದ್ದರು. ನಾನು ಹುಟ್ಟಿನಿಂದ ಜಂಗಮ. ಹಣೆ ತುಂಬ ವಿಭೂತಿ ಹಚ್ಚಿ, ಹೆಗಲಿಗೆ ಜೋಳಿಗೆ ಹಾಕಿದರೆ ಸೋಗು ಬೇಕಾಗಿಯೇ ಇರಲಿಲ್ಲ. ಪಂಚಾಂಗದವನ ಸುತ್ತ ನಾಲ್ಕು ಜನ ಕೂತು ಪ್ರಶ್ನೆ ಕೇಳುವುದು, ಅವನು ಏನೋ ಗುರುತು ಹಾಕಿಕೊಳ್ಳುವುದು ಯಾರ ಕಣ್ಣಿಗೂ ಹೊಸದಲ್ಲ. ಪಂಚಾಂಗದ ಹಿಂದಿನ ಖಾಲಿ ಹಾಳೆಗಳ ಮೇಲೆ ಪೆನ್ಸಿಲಿನಿಂದ ಬರೆದುಕೊಂಡೆ. ಸಿಕ್ಕಿಬಿದ್ದರೆ ಅವರಿಗೆ ತೊಂದರೆಯೆಂದು ಹೆಸರು ಮಾತ್ರ ಬರೆಯಲಿಲ್ಲ.

ಯಲಬುರ್ಗಾದಲ್ಲಿ ಪೊಲೀಸ್ ಅಮೀನರು ಒಮ್ಮೆ ಹಿಡಿದು ನಿಲ್ಲಿಸಿದರು. ಪಂಚಾಂಗ ಕೈಗೆ ತೆಗೆದುಕೊಂಡು ಮುಂದಿನ ಹಾಳೆ ನೋಡಿದರು, ನಡುವೆ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಮೇಲೆ ದನಿ ಇಳಿಸಿ, ‘ಅಯ್ಯಾರ, ನಮ್ಮ ಬದ್ಲಿ ಯಾವಾಗ ಆಗ್ತದ, ನೋಡ್ರಿ ಜರಾ’ ಅಂದರು. ಆಷಾಢದೊಳಗೆ ಆಗುತ್ತದೆ ಎಂದೆ. ಆಮೇಲೆ ಆಷಾಢಕ್ಕೆ ಮೊದಲೇ ಅವರಿಗೆ ವರ್ಗವಾಯಿತಂತೆ. ಇಡೀ ವೃತ್ತಿಯಲ್ಲಿ ನಾನು ಖಚಿತವಾಗಿ ಹೇಳಿದ ಮುಂದಿನ ಸುದ್ದಿ ಅದೊಂದೇ.

ಸಿಕ್ಕ ಪ್ರಶ್ನೆಗಳು ಒಂದಕ್ಕಿಂತ ಒಂದು ಗಟ್ಟಿ. ಕೊಪ್ಪಳದ ಒಬ್ಬ ನೇಕಾರ ಮಗ್ಗದ ಕುಣಿಯಿಂದ ಏಳದೆಯೇ ಹೇಳಿದ: ‘ನೀವು ಬರದು ಗದಗಿನಾಗ ಕುಂತ್ರಿ. ನಿಮ್ಮ ಪುಸ್ತಕ ಓದ್ಯಾರ ಅಂತ ಏಟು ತಿನ್ನೋರು ಇಲ್ಲಿ ನಾವು. ನೀವು ವಾಪಸ್ ಯಾವಾಗ ಬರ್ತೀರಿ, ಕೇಳ್ರಿ.’ ಕುಷ್ಟಗಿಯಲ್ಲಿ ಮಾಸ್ತರರ ಕೈಯಲ್ಲೇ ಕಲಿತವನೊಬ್ಬ ಕೇಳಿದ: ‘ಬಿಟ್ಟಿ ತಪ್ಪು ಅಂತ ಈಗ ಬರದೀರಿ. ಸಾಲ್ಯಾಗ ನಮ್ಮ ಕಡಿಂದ ನಿಮ್ಮ ಮನಿಗೆ ನೀರು ಹೊರಸ್ತಿದ್ರಲ್ಲ, ಅದು ಏನು?’ ಗಿಣಿಗೇರಾದಲ್ಲಿ ರೈಲು ಹಳಿ ಕೆಲಸದವನೊಬ್ಬ, ಬಿಟ್ಟಿ ನಿಂತ ಮೇಲೆ ಸಾಹೇಬರ ಸಾಮಾನು ಯಾರು ಹೊರಬೇಕು, ಅದನ್ನೂ ಪುಸ್ತಕದಲ್ಲಿ ಬರೆಯಬೇಕಿತ್ತು ಅಂದ.

ಕೊನೆಗೆ ಗಂಗಾವತಿ ಮುಗಿಸಿ, ಆನೆಗೊಂದಿಯ ಮೇಲೆ ಹಾಯ್ದು ವಿರೂಪಾಪುರಗಡ್ಡೆಗೆ ಹೋದೆ. ತುಂಗಭದ್ರೆಯ ನಡುವಿನ ಊರದು. ಬೇಸಿಗೆಯಲ್ಲಿ ಹೊಳೆ ಸೊರಗಿದ್ದರೂ ಒಂದು ಮಡುವನ್ನು ಹರಿಗೋಲಿನಲ್ಲೇ ದಾಟಬೇಕಿತ್ತು. ಅಲ್ಲಿ ಭತ್ತದ ಗದ್ದೆಯ ಬದಿಯಲ್ಲಿ ಹತ್ತು ಜನ ಕೂತು ಪ್ರಶ್ನೆ ಹೇಳಿದರು. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಹೆಣ್ಣುಮಗಳು ಹತ್ತಿರ ಬಂದಳು. ಇಪ್ಪತ್ತೈದರ ಪ್ರಾಯ ಇರಬಹುದು. ಹೆಸರು ನೀಲವ್ವ.

ಅವಳ ಗಂಡ ಹನುಮಪ್ಪ ಮೂರು ವರ್ಷದ ಹಿಂದೆ ಗಂಗಾವತಿ ಸಂತೆಗೆ ಹೋಗಿದ್ದ. ದೊಡ್ಡ ಅಧಿಕಾರಿಯೊಬ್ಬರ ಸವಾರಿ ಹೊರಟಿತ್ತು. ಸಾಮಾನು ಹೊರಲು ಸಂತೆಯಲ್ಲೇ ಜನರನ್ನು ಹಿಡಿದರು. ಮುಂದಿನ ಊರಿನ ಗಡಿಯವರೆಗೆ ಹೊತ್ತರೆ ಅಲ್ಲಿ ಬೇರೆಯವರು ಹೊರುವುದು ವಾಡಿಕೆ. ಬದಲಿ ಜನ ಸಿಗದಿದ್ದರೆ ಮೊದಲಿನವರೇ ಮುಂದೆ ನಡೆಯಬೇಕು. ಹನುಮಪ್ಪ ಹಾಗೆ ಮುಂದೆ ನಡೆದವನು ತಿರುಗಿ ಬರಲಿಲ್ಲ.

‘ಆ ಪುಸ್ತಕದಾಗ ಒಬ್ಬಾಂವ ಸತ್ತದ್ದು ಬರದಾರಂತಲ್ರಿ’ ಅಂದಳು.

ಬರೆದಿದ್ದರು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ಹೊರೆ ಹೊತ್ತ ಒಬ್ಬ ಮನುಷ್ಯ ಬಿಸಿಲಿಗೆ ಕುಸಿದು ಸತ್ತ, ಅವನ ಒಂದು ಕೈಗೆ ಕಿರುಬೆರಳಿರಲಿಲ್ಲ, ದಾರಿಯ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದರು ಎಂದು ಅರ್ಧ ಪುಟ. ಇಡೀ ಪುಸ್ತಕದಲ್ಲಿ ಜನ ಅತ್ತು ಕೇಳುತ್ತಿದ್ದ ಭಾಗ ಅದೇ.

‘ನಮ್ಮವರ ಎಡಗೈ ಕಿರುಬಳ್ಳು ಕಬ್ಬಿನ ಗಾಣಕ್ಕ ಸಿಕ್ಕು ಹೋಗಿತ್ರಿ. ಆದರ ಗಾಣಕ್ಕ ಬಳ್ಳು ಕೊಟ್ಟೋರು ಈ ಸೀಮ್ಯಾಗ ಊರಿಗೆ ಒಬ್ಬರು ಅದಾರ. ಪುಸ್ತಕದಾಗ ಕೈ ಯಾವುದಂತ ಬರದಿಲ್ಲ. ಅದನ್ನ ಕೇಳ್ರಿ. ಯಾವ ಕೈ? ಇನ್ನೊಂದು, ಬಾಯಾಗ ನೀರು ಹಾಕಿದೋರು ಯಾರು?’

ಆಮೇಲೆ ಹೊಳೆಯ ಕಡೆ ನೋಡಿದಳು. ದಂಡೆಯ ಬಂಡೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ‘ನಮ್ಮ ಅತ್ತಿ, ಹುಲಿಗೆವ್ವ. ದಿನಾ ಅಲ್ಲೇ ಕುಂದ್ರತಾಳ. ಊರಾಗಿನೋರು ನನ್ನ ಬಳಿ ಒಡಿಬೇಕಂತಾರ. ಬಳಿ ಒಡದ್ರ ಮಗನ್ನ ನಾನ ಕೊಂದಂಗ ಅಂತಾಳ ಆಕಿ. ಅಂವ ಅದಾನ ಅಂದ್ರ ಎಷ್ಟ ವರ್ಷ ಆದ್ರೂ ಕಾಯ್ತೀನ್ರಿ. ಇಲ್ಲ ಅಂದ್ರ ಇಲ್ಲ ಅಂತ ಗೊತ್ತಾಗ್ಲಿ.’

ಎರಡು ಸಾಲು ಬರೆದುಕೊಂಡೆ. ಯಾವ ಕೈ. ಬಾಯಲ್ಲಿ ನೀರು ಹಾಕಿದವರು ಯಾರು. ಕೇಳಿ ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಗದಗಿಗೆ ಬಂದು ನಲವತ್ತು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕೂತೆ. ಹತ್ತಕ್ಕೆ ಇಳಿಸಬೇಕಿತ್ತು. ಒಂದೇ ತರಹದವನ್ನು ಕೂಡಿಸಿ ಒಂದು ಮಾಡುವುದು ನಮ್ಮ ಕೆಲಸದ ಪದ್ಧತಿ, ಈಗಲೂ ಇದೆ. ನೇಕಾರನ ಪ್ರಶ್ನೆಯನ್ನು ‘ಲೇಖಕನ ಹೊಣೆಗಾರಿಕೆ’ ಎಂದು ಮಾಡಿದೆ. ಶಿಷ್ಯನ ಪ್ರಶ್ನೆ ಮಾಸ್ತರರಿಗೆ ಮುಜುಗರವಾದೀತೆಂದು ಬಿಟ್ಟೇಬಿಟ್ಟೆ. ನೀಲವ್ವನ ಎರಡು ಸಾಲಿನ ಮುಂದೆ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಇಷ್ಟು ದೊಡ್ಡ ವಿಷಯದ ಮೇಲೆ ಬರೆದ ಲೇಖಕರಿಗೆ ಯಾವ ಕೈ ಎಂದು ಕೇಳುವುದೇ? ಅವಳದನ್ನು ಬೇರೆ ಎರಡು ಪ್ರಶ್ನೆಗಳ ಜೊತೆ ಕೂಡಿಸಿ ಹೀಗೆ ಬರೆದೆ: ‘ಬಿಟ್ಟಿ ದುಡಿಮೆಯಲ್ಲಿ ಪ್ರಾಣ ತೆತ್ತ ಅನಾಮಿಕರ ತ್ಯಾಗವನ್ನು ನಾಡು ಹೇಗೆ ಸ್ಮರಿಸಬೇಕು?’ ಪೆನ್ಸಿಲಿನ ಆ ಎರಡು ಸಾಲಿನ ಮೇಲೆ ಮಸಿಯಲ್ಲಿ ಗೆರೆ ಎಳೆದೆ. ಬರೆದದ್ದನ್ನು ಎರಡು ಸಲ ಓದಿಕೊಂಡು ಖುಷಿಪಟ್ಟೆ ಎಂಬುದನ್ನೂ ಹೇಳಿಬಿಡುತ್ತೇನೆ.

ರಾಯರು ಪಟ್ಟಿ ನೋಡಿ, ಆ ಪ್ರಶ್ನೆಯ ಮೇಲೆ ಬೆರಳಿಟ್ಟು, ‘ಇದು ಕೇಳಿದೋರು ಯಾರು?’ ಅಂದರು.

‘ಗಡ್ಡಿ ಊರಿನವರ್ರಿ.’

‘ಹೀಂಗ ಕೇಳಿದ್ರೇನು?’

‘ಸ್ವಲ್ಪ ತಿದ್ದೀನ್ರಿ.’

ಹೂಂ ಅಂದು ಪಟ್ಟಿ ತಿರುಗಿ ಕೊಟ್ಟರು. ಯುಗಾದಿ ಹತ್ತಿರ ಬಂದಿತ್ತು, ಅವರಿಗೂ ಪುರುಸೊತ್ತಿರಲಿಲ್ಲ.

ಸಂದರ್ಶನ ಬಹಳ ಚೆನ್ನಾಗಿ ಆಯಿತು. ಆ ಪ್ರಶ್ನೆಗೆ ಮಾಸ್ತರರು ಅರ್ಧ ತಾಸು ಮಾತಾಡಿದರು. ಸತ್ತವನ ಹೆಸರು ಬೇಡ, ಅವನು ನಮ್ಮೆಲ್ಲರ ಹೆಸರಿನಲ್ಲಿ ಸತ್ತ ಎಂದರು. ಬರೆದುಕೊಳ್ಳುವಾಗ ನನ್ನ ಕಣ್ಣು ಒದ್ದೆಯಾಯಿತು. ಆ ಮಾತನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆವು. ಸಂಚಿಕೆ ನೋಡಿದವರೆಲ್ಲ ಬೆನ್ನು ತಟ್ಟಿದರು.

ಹಬ್ಬ ಮುಗಿದ ಮೇಲೆ ಅದೇ ಜೋಳಿಗೆಯಲ್ಲಿ ಸಂಚಿಕೆ ಅಡಗಿಸಿಕೊಂಡು ಹೊರಟೆ. ಗಡ್ಡೆಯಲ್ಲಿ ಹುಣಸೆ ಗಿಡದ ಕೆಳಗೆ ಮೂವತ್ತು ಜನ ಕೂಡಿದ್ದರು. ಮೊದಲಿಂದ ಕೊನೆಯವರೆಗೆ ಓದಿದೆ. ತಲೆದೂಗಿದರು, ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಎಲ್ಲರೂ ಏಳತೊಡಗಿದರು. ನೀಲವ್ವ ಮಾತ್ರ ಎದ್ದಿರಲಿಲ್ಲ.

‘ನಂದು ಓದ್ಲಿಲ್ಲಲ್ರಿ, ಅಯ್ಯಾರ.’

‘ಓದಿದ್ನಲ್ಲವ್ವ. ಇದ ನೋಡು’ ಎಂದು ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ.

ತಾಳ್ಮೆಯಿಂದ ಕೇಳಿದಳು. ತಾನೇ ಎಲ್ಲೋ ತಪ್ಪಿ ಕೇಳಿಸಿಕೊಂಡಿರಬಹುದು ಎಂಬಂತೆ ಮುಂದಕ್ಕೆ ಬಾಗಿ ಕೇಳಿದಳು. ಆಮೇಲೆ ಮೆಲ್ಲಗೆ, ‘ಇದು ನಂದಲ್ರಿ. ನಾ ಕೈ ಕೇಳಿದ್ದೆ’ ಅಂದಳು.

ಇಷ್ಟು ವರ್ಷ ಆದರೂ ಆ ಗಳಿಗೆ ನೆನೆದರೆ ಕಿವಿ ಬಿಸಿಯಾಗುತ್ತದೆ. ಜನ ಹೊಗಳಿದ ಸಂಚಿಕೆ ಕೈಯಲ್ಲಿತ್ತು, ಅವಳಿಗೆ ಬೇಕಾದ ಒಂದು ಮಾತು ಅದರಲ್ಲಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ‘ಮರ್ತಿರಬೇಕು, ಬಿಡ್ರಿ’ ಎಂದು ನನಗೇ ಸಮಾಧಾನ ಹೇಳಿ ಗದ್ದೆಗೆ ಹೋದಳು. ನಾನು ಮರೆತಿರಲಿಲ್ಲ, ಹೊಡೆದು ಹಾಕಿದ್ದೆ. ಅದನ್ನು ಅವಳಿಗೆ ಹೇಳುವ ಧೈರ್ಯ ಆಗ ಬರಲಿಲ್ಲ.

ನೆಟ್ಟಗೆ ಗದಗಿಗೆ ಬಂದು ಮಾಸ್ತರರ ಕೋಣೆಗೆ ಹೋದೆ. ಈ ಸಲ ಪಟ್ಟಿ ಇರಲಿಲ್ಲ. ಪಂಚಾಂಗ ತೆಗೆದು, ಮಸಿಗೆರೆಯ ಕೆಳಗಿನ ಎರಡು ಸಾಲನ್ನು ಅವಳು ಹೇಳಿದ ಹಾಗೆಯೇ ಓದಿದೆ. ಯಾರು ಕೇಳಿದ್ದು, ಯಾಕೆ ಕೇಳಿದ್ದು ಹೇಳಿದೆ.

ಅರ್ಧ ತಾಸು ಮಾತಾಡಿದ್ದ ಮನುಷ್ಯ ಪಂಚಾಂಗ ಇಸಿದುಕೊಂಡು ಆ ಎರಡು ಸಾಲನ್ನು ತಾವೇ ಇನ್ನೊಮ್ಮೆ ಓದಿದರು.

‘ವೀರಯ್ಯ, ನಾ ನೋಡಿಲ್ಲಪಾ’ ಅಂದರು. ‘ಯಲಬುರ್ಗಾದ ಗಾಡಿ ಖಾಜಾಸಾಬ ಮಣ್ಣು ಮಾಡಿದಾಂವ. ಯಾರ ಮುಂದೂ ನನ್ನ ಹೆಸರು ಎತ್ತಬ್ಯಾಡ್ರಿ ಅಂತ ಆಣಿ ಹಾಕಿಸಿಕೊಂಡು ನನಗ ಹೇಳಿದ. ಬಳ್ಳು ಇರಲಿಲ್ಲ ಅಂದ. ಬರಿಯಾಕ ಅಷ್ಟ ಸಾಕಾಗಿತ್ತು ನನಗ. ಯಾವ ಕೈ ಅಂತ ನಾನೂ ಕೇಳ್ಲಿಲ್ಲ.’

ಆಮೇಲೆ ಒಂದು ಚೀಟಿ ಬರೆದರು. ‘ಖಾಜಾ, ನಾ ಹಾಕಿದ ಆಣಿ ಮುರೀತೀನಿ. ಇಂವ ನಂಬಿಕಸ್ತ. ಆ ಮನಷ್ಯಾನ ಮನಿಯಾಕಿ ಕೇಳಾಕತ್ತಾಳ.’ ತಾವೇ ಬರುತ್ತೇನೆಂದು ಎದ್ದು ನಿಂತರು. ಗಡಿ ದಾಟಿದರೆ ಅವರನ್ನು ಬಿಡುತ್ತಿರಲಿಲ್ಲ; ಕೈ ಹಿಡಿದು ಕೂರಿಸಿದೆ. ಅವರ ಮೇಲೆ ನನಗಿದ್ದ ಗೌರವ ಅಂದು ಕಡಿಮೆಯಾಗಲಿಲ್ಲ, ಆದರೆ ಹೆದರಿಕೆ ಹೋಯಿತು.

ಖಾಜಾಸಾಬ ಯಲಬುರ್ಗಾದಲ್ಲಿ ತನ್ನ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಗಡ್ಡ. ಚೀಟಿ ಓದಿ ಹೇಳಿದೆ. ನಾನು ಪಂಚಾಂಗ ಬಿಚ್ಚಿ ಪೆನ್ಸಿಲು ಹಿಡಿದದ್ದು ನೋಡಿ ಕೈ ಅಡ್ಡ ತಂದ.

‘ಬರಕೊಬ್ಯಾಡ್ರಿ. ಇದು ಒಬ್ಬರ ಕೈಲಿ ಹೇಳಿ ಕಳಸೂ ಮಾತಲ್ಲ. ನಾನ ಬರ್ತೀನಿ.’

‘ಯಾರರ ನೋಡಿದ್ರ ನಿನಗ ತೊಂದ್ರಿ ಆಗ್ತದ.’

‘ಮೂರು ವರ್ಷ ಅದ ಹೆದರಿಕಿಗೆ ಬಾಯಿ ಮುಚ್ಚಿನ್ರಿ. ಆ ದಾರಿ ಹಿಡದು ಗಾಡಿ ಹೊಡದಾಗೊಮ್ಮೆ ಆ ಗಿಡದ ಹತ್ರ ಎತ್ತು ತಾವ ನಿಂದರ್ತಾವ. ಸಾಕಾಗೇತಿ.’

ಮರುದಿನ ಗಾಡಿ ಹೂಡಿದ. ದಾರಿಯಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗೊತ್ತಾಗಬೇಕಾದವರಿಗೆ ಮೊದಲು ಗೊತ್ತಾಗಲಿ ಎಂದು ಸುಮ್ಮನೆ ಕೂತೆ. ಪತ್ರಿಕೆಯವನಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಆನೆಗೊಂದಿಯ ಈಚೆಯ ದಂಡೆಯಲ್ಲಿ ಗಾಡಿ ಬಿಟ್ಟು ಹರಿಗೋಲು ಹತ್ತಿದೆವು. ಒಣ ಸೀಮೆಯ ಆ ಮನುಷ್ಯ ನೀರಿಗೆ ಅಂಜಿ, ದಾಟುವವರೆಗೆ ನನ್ನ ತೋಳು ಬಿಡಲಿಲ್ಲ.

ಹುಲಿಗೆವ್ವ ಬಂಡೆಯ ಮೇಲೆ ಎಂದಿನಂತೆ ಕೂತಿದ್ದಳು. ನೀಲವ್ವನನ್ನು ಗದ್ದೆಯಿಂದ ಕರೆಸಿದೆ. ಇವನು ಖಾಜಾಸಾಬ, ಆ ಮನುಷ್ಯನಿಗೆ ಮಣ್ಣು ಕೊಟ್ಟವನು ಎಂದಷ್ಟೇ ಹೇಳಿ ಹಿಂದೆ ಸರಿದೆ.

ನೀಲವ್ವ ಕೆಸರುಗಾಲಿನಲ್ಲಿ ನಿಂತೇ ಕೇಳಿದಳು. ‘ಯಾವ ಕೈ, ಅಣ್ಣಾ?’

ಖಾಜಾಸಾಬ ತನ್ನ ಎಡಗೈ ಎತ್ತಿ ಕಿರುಬೆರಳನ್ನು ಮಡಚಿ ತೋರಿಸಿದ.

ನೀಲವ್ವ ಕೂತುಬಿಟ್ಟಳು. ಅಳು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ವರ್ಷದ್ದು ಒಮ್ಮೆಲೇ ಬಂತು. ಅಳುತ್ತಲೇ ಎರಡನೆಯದನ್ನು ಕೇಳಿದಳು, ‘ನೀರು?’

‘ನಾನ ಹಾಕಿನ್ ತಂಗಿ. ನನ್ನ ಗಾಡಿ ಬಿಂದಗಿದು. ನಾಕು ಗುಟುಕು ಕುಡದ. ತಲಿ ನನ್ನ ತೊಡಿ ಮ್ಯಾಲೆ ಇತ್ತು.’

ನಾನು ಮುದುಕಿಯ ಕಡೆ ನೋಡಲು ಹೆದರಿದ್ದೆ. ಅವಳು ಬಂಡೆ ಇಳಿದು ಬಂದು ಖಾಜಾಸಾಬನ ಎದುರು ಕೂತಳು. ಬೆರಳಿನ ಮಾತಾಗಲಿ ಕೈಯ ಮಾತಾಗಲಿ ಅವಳು ಎತ್ತಲಿಲ್ಲ. ನನ್ನ ನಲವತ್ತು ಪ್ರಶ್ನೆಗಳಲ್ಲಿ ಇಲ್ಲದ್ದನ್ನು, ಯಾವ ಪತ್ರಿಕೆಯವನಿಗೂ ಹೊಳೆಯದ್ದನ್ನು ಕೇಳಿದಳು.

‘ಏನರ ಅಂದ್ನೇನಪಾ ನನ್ನ ಮಗ?’

‘ಹೊಳಿ ಇನ್ನ ಎಷ್ಟು ದೂರ ಐತಿ ಅಂತ ಕೇಳಿದ, ಅವ್ವ.’

ಅಲ್ಲಿಂದ ಹೊಳೆ ಎರಡು ದಿನದ ದಾರಿ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

‘ನೀ ಏನಂದಿ?’

‘ಇಲ್ಲೇ ಐತಿ, ಬಂತು ಅಂದೆ.’

ಹುಲಿಗೆವ್ವ ಅವನ ಎರಡೂ ಕೈ ಹಿಡಿದುಕೊಂಡಳು. ‘ಛಲೋ ಹೇಳಿದಿ’ ಅಂದಳು. ಆಮೇಲೆ ಎದ್ದು ಸೊಸೆಯ ಬಳಿಗೆ ಹೋಗಿ, ಅವಳ ಕೈಯ ಬಳೆಗಳನ್ನು ಒಡೆಯದೆ, ಒಂದೊಂದಾಗಿ ತಾನೇ ಬಿಡಿಸಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. ಆ ಬಂಡೆಯ ಮೇಲೆ ಅವಳು ಮತ್ತೆ ಕೂರಲಿಲ್ಲ ಎಂದು ಮುಂದಿನ ವರ್ಷ ಪಂಚಾಂಗ ಕೊಡಲು ಹೋದಾಗ ಊರಿನವರು ಹೇಳಿದರು.

ಹೊರಡುವ ಮುಂಚೆ ನೀಲವ್ವನಿಗೆ ನಿಜ ಹೇಳಿದೆ: ನಿನ್ನ ಪ್ರಶ್ನೆ ಮರೆತಿರಲಿಲ್ಲ, ಸಣ್ಣದೆಂದು ನಾನೇ ಹೊಡೆದು ಹಾಕಿದ್ದೆ. ಅವಳು ನನ್ನ ಮುಖ ನೋಡಿದಳು. ‘ಇನ್ನೊಬ್ಬರದು ಹೊಡೀಬ್ಯಾಡ್ರಿ’ ಅಂದಳು.

ಇದನ್ನು ನಾವು ಪತ್ರಿಕೆಯಲ್ಲಿ ಹಾಕಲಿಲ್ಲ. ಹಾಕಿದ್ದರೆ ಖಾಜಾಸಾಬನನ್ನು ಹಿಡಿಯುತ್ತಿದ್ದರು. ನಿಜಾಮರ ಆಡಳಿತ ಹೋದ ಮೇಲೆ ಮಾಸ್ತರರ ಪುಸ್ತಕ ಎರಡನೆಯ ಸಲ ಅಚ್ಚಾಯಿತು. ಆ ಅರ್ಧ ಪುಟವನ್ನು ಅವರು ಬೇರೆ ಬರೆದರು. ‘ಒಬ್ಬ ಮನುಷ್ಯ’ ಎಂಬ ಮಾತು ತೆಗೆದು ‘ವಿರೂಪಾಪುರಗಡ್ಡೆಯ ಹನುಮಪ್ಪ, ಎಡಗೈ’ ಎಂದು ಹಾಕಿದರು. ಕುಷ್ಟಗಿಯ ಶಿಷ್ಯನ ಪ್ರಶ್ನೆಯನ್ನೂ ನಾನು ತಡವಾಗಿ ಅವರಿಗೆ ಮುಟ್ಟಿಸಿದ್ದೆ. ಅದಕ್ಕೆ ಉತ್ತರವಾಗಿ ಮುನ್ನುಡಿಯಲ್ಲಿ ಒಂದು ಪ್ಯಾರಾ ತಪ್ಪೊಪ್ಪಿಗೆ ಇದೆ.

ಈಗ ಟೇಪ್ ರೆಕಾರ್ಡರ್ ಬಂದಿದೆ, ಹೇಳಿದ್ದು ಹೇಳಿದ ಹಾಗೇ ಉಳಿಯುತ್ತದೆ ಎಂದು ಹುಡುಗರು ಹೇಳುತ್ತಾರೆ. ಉತ್ತರ ಉಳಿಯುತ್ತದೆ, ಸರಿ. ಪ್ರಶ್ನೆ ಬರೆಯುವವರು ಇನ್ನೂ ನಾವೇ. ಅವರು ಕಾಗದ ಮುಂದಿಟ್ಟು ಏನು ಕೇಳೋಣ ಎಂದಾಗ ನಾನು ಹೊಸ ಪ್ರಶ್ನೆ ಯಾವುದನ್ನೂ ಸೂಚಿಸುವುದಿಲ್ಲ. ಒಳಗೆ ಹೋಗಿ ಆ ಹಳೆಯ ಪಂಚಾಂಗ ತಂದು ಹಿಂದಿನ ಹಾಳೆ ಬಿಚ್ಚಿ ಕೈಗೆ ಕೊಡುತ್ತೇನೆ. ಪೆನ್ಸಿಲಿನ ಅಕ್ಷರ ಬಹಳ ಮಾಸಿದೆ. ಕಿಟಕಿಯ ಬೆಳಕಿಗೆ ಹಿಡಿದು ಅವರು ಕಷ್ಟಪಟ್ಟು ಓದುತ್ತಾರೆ. ಯಾವ ಕೈ. ಬಾಯಲ್ಲಿ ನೀರು ಹಾಕಿದವರು ಯಾರು. ‘ಇಷ್ಟು ಒಳ್ಳೆಯ ಪ್ರಶ್ನೆ, ಇದನ್ನು ಹೊಡೆದು ಹಾಕಿದ ಪುಣ್ಯಾತ್ಮ ಯಾರು ಸರ್?’ ಎಂದು ಕೇಳುತ್ತಾರೆ.

‘ನಾನೇ’ ಅನ್ನುತ್ತೇನೆ.